ಆಗ್ನೆಸಳ ಕೂದಲು

ಮೊನ್ನೆ ಬೆಸೆಂಟ್ ನಗರದ ಇಗರ್ಜಿಯ ಮುಂದೆ ನಿಂತಿದ್ದಾಗ, ಆಗಷ್ಟೇ ಹರಕೆಗೆ ತಲೆ ಬೋಳಿಸಿಕೊಂಡ ಹೆಂಗಸೊಬ್ಬರು ಪಕ್ಕದಲ್ಲಿ ಹಾದುಹೋದರು. ನೆತ್ತಿಗೆ ಬಳಿದ ಹಸಿ ಗಂಧದ ವಾಸನೆ ಮೂಗಿಗೆ ಬಡಿಯಿತು. ನನ್ನ ಕೈ ತಾನಾಗಿ ತಲೆಗೆ ಹೋಯಿತು...

ಟಿ. ನಗರದಲ್ಲಿ ನಮ್ಮ ಎದುರುಮನೆಯಲ್ಲಿ ಮಂಗಳೂರು ಕಡೆಯ ಕ್ರೈಸ್ತ ಅಕ್ಕ ಒಬ್ಬರಿದ್ದರು. ಮದುವೆಯಾಗಿರಲಿಲ್ಲ, ನಲವತ್ತು ದಾಟಿತ್ತು. ಮೊಣಕಾಲು ಮುಟ್ಟುವ ಜಡೆ. ಅವರ ಗೋಡೆಯ ಮೇಲೆ ಕುರಿಮರಿ ಎತ್ತಿಕೊಂಡ ಹುಡುಗಿಯ ಪಟವಿತ್ತು, ಸಂತ ಆಗ್ನೆಸ್. ಜನವರಿಯಲ್ಲಿ ಅವಳ ಹಬ್ಬದಂದು ಪಟಕ್ಕೆ ಮಲ್ಲಿಗೆ ಮುಡಿಸಿ, ಮೇಣದಬತ್ತಿ ಹಚ್ಚಿ, ನಮಗೆಲ್ಲ ಕೇಕು ಹಂಚುತ್ತಿದ್ದರು.

ನನಗೆ ಹದಿಮೂರಾಗಿದ್ದಾಗ ಟೈಫಾಯಿಡ್ ಬಂತು. ಕೂದಲು ಗೊಂಚಲು ಗೊಂಚಲಾಗಿ ಉದುರಿತು. ಉಳಿದದ್ದನ್ನು ಅಮ್ಮ ತೆಗೆಸಿಬಿಟ್ಟರು. ಜ್ವರ ಬಿಟ್ಟರೂ ನಾನು ಹೊರಗೆ ಕಾಲಿಡಲಿಲ್ಲ. ಹಾಲಿನವನು ಬಂದರೆ ಬಾಗಿಲ ಹಿಂದೆ ಅಡಗುತ್ತಿದ್ದೆ. ಶಾಲೆಗೆ ಹೋಗೆಂದು ಬೇಡಿಕೊಂಡು ಸೋತ ಅಮ್ಮ ಅಕ್ಕನನ್ನು ಕರೆದರು.

ಅಕ್ಕ ಆಗ್ನೆಸಳ ಕಥೆ ಹೇಳಿದರು. ರೋಮಿನ ಹುಡುಗಿ, ನನ್ನದೇ ವಯಸ್ಸು. ತನ್ನ ಮನಸ್ಸು ಯೇಸುವಿಗೆ ಎಂದು ಅಧಿಕಾರಿಯ ಮಗನನ್ನು ಮದುವೆಯಾಗಲು ಒಪ್ಪಲಿಲ್ಲ. ಅದಕ್ಕೆ ಅವಳ ಬಟ್ಟೆ ಕಿತ್ತು ಬೀದಿಯಲ್ಲಿ ನಡೆಸಿದರು. ಆಗ ಅವಳ ಕೂದಲು ಬೆಳೆದು ಮೈಯನ್ನೆಲ್ಲ ಮುಚ್ಚಿತಂತೆ. ಕೊನೆಗೆ ಕತ್ತಿಗೆ ಕೊರಳೊಡ್ಡಿದಳೇ ಹೊರತು ನಂಬಿಕೆ ಬಿಡಲಿಲ್ಲ.

"ಅವಳಿಗೆ ಕೂದಲು ಬಂತು. ನಂಗೆ ಎಲ್ಲಿ? ಪೋಂಗ ಅಕ್ಕಾ, ಹೋಗಿ ಇಲ್ಲಿಂದ!" ಎಂದು ಕಿರುಚಿದೆ.

ಅಕ್ಕ ಎದ್ದು ಹೋದರು. ಭಾನುವಾರ ಬೆಸೆಂಟ್ ನಗರದಲ್ಲಿ ಪೂಜೆ ಮುಗಿಸಿ ಬಂದಾಗ ಅವರ ತಲೆಯೂ ಬೋಳಾಗಿತ್ತು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಮುಖ ನೋಡಲಾರದೆ ಗೋಡೆ ಕಡೆ ತಿರುಗಿದೆ.

ಮರುದಿನ ಬೆಳಿಗ್ಗೆ, "ಬಾ ಮಾರಾಯ್ತಿ, ಶಾಲೆಗೆ ಹೋಗುವ," ಎಂದು ಕೈ ಚಾಚಿದರು. ಬಸ್ಸಿನಲ್ಲಿ ಎಲ್ಲರೂ ನೋಡಿದರು. ಯಾರೋ ನಕ್ಕರು. ನನಗೆ ಕಣ್ಣೆತ್ತಲಾಗಲಿಲ್ಲ.

"ನಿಮಗೆ ನಾಚಿಕೆ ಆಗಲ್ವಾ ಅಕ್ಕಾ?"

"ಆಗ್ತದೆ. ಸಾಯುವಷ್ಟು ಆಗ್ತದೆ," ಎಂದರು. ಅವರ ಅಂಗೈ ಬೆವರಿತ್ತು. "ನೀನು ಕೈ ಬಿಡ್ಬೇಡ."

ವರ್ಷದೊಳಗೆ ನನ್ನ ಕೂದಲು ಹೆಗಲು ಮುಟ್ಟಿತು. ಅವರದು ನರೆತು, ತೆಳ್ಳಗಾಗಿ, ಕಿವಿಯವರೆಗೆ ಬಂದು ನಿಂತುಬಿಟ್ಟಿತು. ಜಡೆ ಹಾಕಿಕೊಂಡು ಅವರೆದುರು ಹೋಗಲು ನಾಚಿಕೆಯಾಗಿ ಕುಗ್ಗುತ್ತಿದ್ದೆ. ಅವರೇ ಕರೆದು ಕೂರಿಸಿಕೊಂಡು ಹೂ ಮುಡಿಸುತ್ತಿದ್ದರು...

ಆಮೇಲೆ ಅಕ್ಕ ಊರಿಗೆ ಮರಳಿದರು. ಕಳೆದ ವರ್ಷ ತೀರಿಕೊಂಡರಂತೆ; ಸುದ್ದಿ ತಲುಪುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಉದ್ದ ಜಡೆಯ ಅಕ್ಕನನ್ನು ನೆನೆಯಲು ಈಗ ಎಷ್ಟು ಹೆಣಗಿದರೂ ಆಗುತ್ತಿಲ್ಲ. ಬಸ್ಸಿನಲ್ಲಿ ಬೋಳುತಲೆಯಲ್ಲಿ ನನ್ನ ಪಕ್ಕ ನಿಂತ ಅಕ್ಕ ಮಾತ್ರ ಕಾಣುತ್ತಾರೆ.