ಕೊನೆಯ ಗಾಡಿಯ ಬಂಪರು

ಮೆಲ್ವಿನ್ ಲೋಬೋನ ಪಿಕಪ್ಪಿನ ಹಿಂದಿನ ಬಂಪರು ಪ್ಲಾಸ್ಟಿಕ್ಕಿನ ಕೇಬಲ್ ಟೈಗಳ ದಯೆಯಿಂದ ನಿಂತಿದೆ ಎಂಬುದು ದುಬೈನ ಅಲ್ ಕುಸೈಸ್‌ನಲ್ಲಿ ಅವನಿರುವ ಕಟ್ಟಡದ ವಾಚ್‌ಮನ್‌ಗೂ ಗೊತ್ತಿತ್ತು. ಲಹಬಾಬ್‌ನ ಕೆಂಪು ಮರಳಿನಲ್ಲಿ ಗಾಡಿ ಹೂತಾಗ ಗೆಳೆಯರು ಹಿಂದಿನಿಂದ ಹಗ್ಗ ಕಟ್ಟಿ ಎಳೆದಿದ್ದರು. ಗಾಡಿ ಕೂತಲ್ಲೇ ಕೂತಿತ್ತು, ಬಂಪರು ಮಾತ್ರ ಹಗ್ಗದ ಜೊತೆ ಹೊರಟುಹೋಗಿತ್ತು. ಅದರ ವಿಡಿಯೋ ಯಾರದಾದರೂ ಹುಟ್ಟುಹಬ್ಬ ಬಂದಾಗಲೆಲ್ಲ ಗುಂಪಿನ ವಾಟ್ಸಾಪ್‌ನಲ್ಲಿ ಮತ್ತೆ ಪ್ರತ್ಯಕ್ಷವಾಗುತ್ತಿತ್ತು. ಎಲ್ಲರಿಗಿಂತ ಮೊದಲು ಮೆಲ್ವಿನ್ನೇ ಅದಕ್ಕೆ ನಗುವ ಮುಖ ಹಾಕುತ್ತಿದ್ದ. ಒಳಗೊಳಗೆ ಮಾತ್ರ ಅವನಿಗೆ ಬಹಳ ನೋವಾಗುತ್ತಿತ್ತು.

ಚಳಿಗಾಲದ ಭಾನುವಾರಗಳಲ್ಲಿ ಮರಳಿಗೆ ಹೋಗುವ ಈ ಕನ್ನಡಿಗರ ಗುಂಪಿಗೆ ಒಂದು ಕ್ರಮವಿದೆ. ಎಲ್ಲಕ್ಕೂ ಮುಂದೆ ಮೈಸೂರಿನ ಶಾಮಸುಂದರ ಹೋಗಬೇಕು. ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಕಣ್ಣಾಡಿಸಿಯೇ ಹೇಳಬಲ್ಲ ಮನುಷ್ಯ. ಅವನ ಬೆನ್ನಿಗೇ ಹೊಸಬರು, ಕೈ ಪಳಗದವರು, ಗಾಡಿ ನೆಟ್ಟಗಿಲ್ಲದವರು. ಎಲ್ಲರಿಗಿಂತ ಹಿಂದೆ, ಕೊನೆಯಲ್ಲಿ, ಗುಂಪಿನ ಅತ್ಯಂತ ನಂಬಿಕೆಯ ಗಾಡಿ. ಯಾರು ಹೂತರೂ ಎಳೆದು ತೆಗೆಯುವುದು ಅದರ ಕೆಲಸ. ಅದು ಬಂದು ಸೇರಿದ ಮೇಲೆಯೇ ಉಳಿದವರು ಚಹಾದ ಫ್ಲಾಸ್ಕು ತೆರೆಯುವುದು. ಇಷ್ಟು ದಿನ ಆ ಜಾಗ ಭಟ್ಕಳದ ಅಮ್ಮಾರ್‌ನದಾಗಿತ್ತು. ಈಗ ಅವನು ಮಸ್ಕತ್ತಿನಲ್ಲಿ ಕೆಲಸ ಹಿಡಿದು ಹೊರಟುಹೋಗಿದ್ದ. ಅಬುಧಾಬಿಯ ಲಿವಾ ಮರುಭೂಮಿಗೆ ಹೋಗುವ ದೊಡ್ಡ ಪ್ರಯಾಣ ಎದುರಿಗಿತ್ತು, ಕೊನೆಯ ಗಾಡಿ ಯಾರದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಮೆಲ್ವಿನ್‌ಗೆ ಆ ಜಾಗ ಬೇಕಿತ್ತು. ವರ್ಷಗಳಿಂದ ಅವನದು ಎರಡನೆಯ ಗಾಡಿ, ಅಂಗನವಾಡಿ ಮಗುವನ್ನು ಕೈಹಿಡಿದು ನಡೆಸಿದ ಹಾಗೆ ಶಾಮಸುಂದರನ ಕಣ್ಣಳತೆಯಲ್ಲೇ.

ಹಾಗೆಂದು ಬಾಯಿಬಿಟ್ಟು ಕೇಳುವ ಪೈಕಿಯವನಲ್ಲ ಅವನು. ಕಿನ್ನಿಗೋಳಿಯಲ್ಲಿ ಹುಟ್ಟಿ, ಐಟಿಐಯಲ್ಲಿ ವೆಲ್ಡಿಂಗ್ ಕಲಿತು ದುಬೈಗೆ ಬಂದವನು. ಬಂದ ಹೊಸತರಲ್ಲೇ ಅವನ ಮುತ್ತಿನಂಥ ಕೈಬರಹ ಯಾರ ಕಣ್ಣಿಗೋ ಬಿದ್ದು, ಕಂಪನಿಯವರು ಅವನನ್ನು ಸ್ಟೋರಿನಲ್ಲಿ ಕೂರಿಸಿಬಿಟ್ಟರು. ಅಂದಿನಿಂದ ಬೇರೆಯವರಿಗೆ ವೆಲ್ಡಿಂಗ್ ರಾಡು ಕೊಟ್ಟದ್ದೇ ಕೊಟ್ಟದ್ದು, ತಾನೊಂದನ್ನೂ ಉರಿಸಲಿಲ್ಲ. ಸಂಬಳ ಏರಿತು, ತಲೆಗೂದಲು ಇಳಿಯಿತು, ಕಲಿತ ವಿದ್ಯೆ ಮೂಲೆ ಸೇರಿತು. ಹಾಗಾಗಿ, ಹೂತ ಗಾಡಿ ಎಳೆಯಬಲ್ಲ ಉಕ್ಕಿನ ಬಂಪರನ್ನು ನಾನೇ ಕಟ್ಟುತ್ತೇನೆ ಎಂದು ಅವನು ಘೋಷಿಸಿದಾಗ ಹೆಂಡತಿ ಐರಿನ್, ಟೀವಿ ಸ್ಟ್ಯಾಂಡಿನ ಸ್ಕ್ರೂ ಬಿಗಿಸುವುದು ಅದಕ್ಕಿಂತ ಮೊದಲೋ ಆಮೇಲೋ ಎಂದು ಕೇಳಿದಳು.

ಮೊದಲು ರಟ್ಟಿನಲ್ಲಿ ಅಚ್ಚು ಆಗಬೇಕು. ಮೆಲ್ವಿನ್ ದಪ್ಪ ರಟ್ಟು ತಂದು, ಪಾರ್ಕಿಂಗ್‌ನಲ್ಲಿ ಗಾಡಿಯ ಕೆಳಗೆ ಮಲಗಿ, ಚಾಸಿಯ, ಅಂದರೆ ತಳದ ಚೌಕಟ್ಟಿನ, ಅಳತೆ ಹಿಡಿದು, ಬಾಗುಗಳನ್ನೂ ತೂತುಗಳನ್ನೂ ಕೊರೆದ. ಅದೇ ಚಂದದ ಅಕ್ಷರದಲ್ಲಿ ‘ಎಡ’, ‘ಬಲ’, ‘ಇಲ್ಲಿ ಬೋಲ್ಟು’ ಎಂದು ಬರೆದು, ತುಂಡುಗಳನ್ನು ಸೋಫಾದ ಹಿಂದೆ ಜೋಪಾನವಾಗಿ ಇಟ್ಟ. ಅದೇ ವಾರ ಐರಿನ್ ಊರಿಗೆ ಕಾರ್ಗೋ ಪೆಟ್ಟಿಗೆ ಕಟ್ಟುತ್ತಿದ್ದಳು. ಕಾರ್ಗೋ ಕಟ್ಟುವ ದಿನ ಗಲ್ಫಿನ ಮನೆಗಳಲ್ಲಿ ಯಾವ ರಟ್ಟಿಗೂ ಉಳಿಗಾಲವಿಲ್ಲ. ಟ್ಯಾಂಗ್ ಶರಬತ್ತು ಪುಡಿಯ ಡಬ್ಬಿಗೂ ಶಾಂಪೂ ಬಾಟಲಿಗೂ ನಡುವೆ, ತಳಕ್ಕೆ, ಮಗ್ಗುಲಿಗೆ ಸಿಕ್ಕಿದ್ದನ್ನೆಲ್ಲ ತುರುಕಿ ಟೇಪು ಸುತ್ತುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮೆಲ್ವಿನ್ ಸೋಫಾದ ಹಿಂದೆ ಕೈ ಹಾಕುವ ಹೊತ್ತಿಗೆ ಅವನ ಬಂಪರು ಮಂಗಳೂರಿನ ದಾರಿ ಹಿಡಿದಾಗಿತ್ತು.

ಅವನು ಕೂಗಾಡಲಿಲ್ಲ, ಪೆನ್ನನ್ನೂ ಕತ್ತರಿಯನ್ನೂ ಎತ್ತಿ ಡ್ರಾವರಿನಲ್ಲಿಟ್ಟ. ಅದೇ ಐರಿನ್‌ಗೆ ಚುಚ್ಚಿತು. ಮರುದಿನ ಅವಳೇ ದುಪಟ್ಟಾ ಸೊಂಟಕ್ಕೆ ಬಿಗಿದು, ಅಳತೆಯ ಟೇಪು ಹಿಡಿದು ಪಾರ್ಕಿಂಗಿಗೆ ಇಳಿದಳು. ಶಾಲೆಯಲ್ಲಿ ಗಣಿತ ಕಲಿಸುವವಳು, ಎಡವನ್ನೂ ಬಲವನ್ನೂ ಬೇರೆಬೇರೆಯಾಗಿ ಅಳೆದಳು. ಎರಡಕ್ಕೂ ತಾಳೆಯಾಗಲಿಲ್ಲ. ಹಿಂದೆಂದೋ ಬಿದ್ದ ಏಟಿಗೆ ಚಾಸಿಯ ಬಲತುದಿ ತುಸು ಒಳಗೆ ಸರಿದಿತ್ತು. ಮೆಲ್ವಿನ್ ಮೊದಲ ಸಲ ಎಡವನ್ನು ಮಾತ್ರ ಅಳೆದು, ಅದನ್ನೇ ಮಗುಚಿ ಬಲವನ್ನೂ ಕತ್ತರಿಸಿದ್ದ. ಆ ಅಚ್ಚನ್ನು ನಂಬಿ ಉಕ್ಕು ಕೊಯ್ದಿದ್ದರೆ ಬಂಪರು ಕೂರುತ್ತಲೇ ಇರಲಿಲ್ಲ. ಕಾರ್ಗೋ ಪೆಟ್ಟಿಗೆಯೇ ಬಂಪರನ್ನು ಉಳಿಸಿತು ಎಂದು ಐರಿನ್ ಇಂದಿಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ, ಅವಳಿಗೆ ಆ ಹಕ್ಕಿದೆ.

ರಾಸ್ ಅಲ್ ಖೋರ್‌ನಲ್ಲಿ ಭಟ್ಕಳದ ಅಬ್ದುಲ್ ರಹೀಮ್ ಎಂಬ ಹಿರಿಯರ ಗ್ಯಾರೇಜಿದೆ. ರಜೆಯ ದಿನ ಒಂದು ಮೂಲೆಯನ್ನೂ ವೆಲ್ಡಿಂಗ್ ಮಷೀನನ್ನೂ ಅವರು ಮೆಲ್ವಿನ್‌ಗೆ ಬಿಟ್ಟುಕೊಟ್ಟರು. ಮೊದಲ ರಾಡು ಹಿಡಿದಾಗ ಬೆಸುಗೆ ಅಲ್ಲಲ್ಲಿ ಗುಡ್ಡೆಯಾಯಿತು, ಅಲ್ಲಲ್ಲಿ ತೂತಾಯಿತು. ಗುಜರಿ ತುಂಡುಗಳ ಮೇಲೆ ಉರಿಸಿ ಉರಿಸಿ ನೋಡಿದ. ಒಂದು ಮಧ್ಯಾಹ್ನ ಕೈ ತಾನಾಗಿಯೇ ಹಳೆಯ ಓಟ ಹಿಡಿಯಿತು. ಮುಖವಾಡದ ಕತ್ತಲೆಯೊಳಗೆ ಮೆಲ್ವಿನ್ ಒಬ್ಬನೇ ನಕ್ಕ. ಆಮೇಲೆ ಉಕ್ಕಿನ ತಗಡುಗಳನ್ನು ಒಂದಕ್ಕೊಂದು ಕೂಡಿಸಿದ, ಚಾಸಿಗೆ ಬೋಲ್ಟು ಹಾಕುವ ಉಕ್ಕಿನ ಪಟ್ಟಿಗಳನ್ನು ಕೂರಿಸಿದ, ಹಗ್ಗ ಕಟ್ಟುವ ಎರಡು ಕೊಂಡಿಗಳನ್ನು ಬೆಸೆದ. ಬೆಸುಗೆಯ ಗೆರೆಯೇ ಕಾಣದಂತೆ ಎಲ್ಲವನ್ನೂ ಗ್ರೈಂಡರಿನಲ್ಲಿ ನುಣ್ಣಗೆ ತಿಕ್ಕಿದ. ನೋಡಿದವರು ಯಾವ ಕಂಪನಿಯದು ಎಂದು ಕೇಳಬೇಕು, ಅದು ಅವನ ಆಸೆ.

ರಹೀಮ್ ಬಂದು ಕೊಂಡಿಯ ಬುಡವನ್ನು ಬೆರಳಲ್ಲಿ ಸವರಿದರು. ಮುಖ ಗಂಭೀರವಾಯಿತು.

“ಚಂದ ಮಾಡ್ಲಿಕ್ಕೆ ಹೋಗಿ ಬಲವನ್ನೇ ತಿಕ್ಕಿ ತೆಗ್ದಿದ್ದೀರಲ್ಲ ಮೆಲ್ವಿನ್. ಎಳೆಯುವಾಗ ಇದು ಕಿತ್ತು ಹಾರಿದ್ರೆ ಹಿಂದಿನವನ ಗ್ಲಾಸ್ ಒಡೆದು ಒಳಗೆ ಹೋಗ್ತದೆ. ಇದು ಶೋಕಿಗೆ ಅಲ್ಲ, ಒಬ್ಬನ ಜೀವಕ್ಕೆ. ಸ್ವಂತ ಕೈಯಲ್ಲಿ ಮಾಡಿದ್ದು ಅಂತ ಗೊತ್ತಾದ್ರೆ ನಿಮಗೆ ಎಂತ ನಾಚಿಕೆ?”

ಮೆಲ್ವಿನ್‌ಗೆ ನಾಚಿಕೆಯೇ ಆಗಿತ್ತು. ಬಂಪರು ಕಿತ್ತುಬಂದ ವಿಡಿಯೋಗೆ ನಕ್ಕವರೆದುರು ತನ್ನ ಕೈಯ ಗುರುತನ್ನು ಅಡಗಿಸಲು ಹೊರಟಿದ್ದ. ಪೂರ್ತಿ ಬಿಚ್ಚಿ, ಕೊಂಡಿಗಳನ್ನು ಹೊಸದಾಗಿ ಕೂರಿಸಿ, ಒಳಗೂ ಹೊರಗೂ ಬೆಸೆದ. ಈ ಸಲ ಗ್ರೈಂಡರನ್ನು ಮುಟ್ಟಲಿಲ್ಲ. ಬೆಸುಗೆ ಎರೆಹುಳುವಿನಂತೆ ಉಬ್ಬಿ ಕಾಣುತ್ತಿತ್ತು, ಅದರ ಮೇಲೆಯೇ ಕಪ್ಪು ಬಣ್ಣ ಬಳಿದ. ರಹೀಮ್ ಬಗ್ಗಿ ನೋಡಿ “ಖಲಾಸ್, ಕೆಲ್ಸ ಮುಗೀತು, ಈಗ ಬಂಪರ್ ಆಯ್ತು” ಅಂದರು. ಇಂಥ ಬದಲಾವಣೆಗೆ ಬೇಕಾದ ಪರವಾನಗಿಗೆ ಅಲೆದದ್ದು ಬೇರೆಯೇ ಕಥೆ, ಅಂತೂ ಅದೂ ಸಿಕ್ಕಿತು.

ಲಿವಾಕ್ಕೆ ಮುಂಚಿನ ಭಾನುವಾರ ಗುಂಪು ಮತ್ತೆ ಲಹಬಾಬಿಗೆ ಹೋಯಿತು. ಹೂತದ್ದು ಬೇರೆ ಯಾರೂ ಅಲ್ಲ, ಶಾಮಸುಂದರನೇ. ಮರಳು ಎಂಥವನನ್ನೂ ಬಿಡುವುದಿಲ್ಲ, ಅವನೇ ಎಷ್ಟೋ ಸಲ ಹಾಗೆ ಹೇಳಿದ್ದಾನೆ. ದಿಬ್ಬದಾಚೆಯ ತಗ್ಗಿನಲ್ಲಿ ಅವನ ಭಾರದ ಗಾಡಿ ಹೊಟ್ಟೆಯವರೆಗೆ ಇಳಿದಿತ್ತು. ಎಳೆಯಲು ಅಮ್ಮಾರ್ ಇಲ್ಲ. ಹತ್ತಿರವಿದ್ದದ್ದು ಎಂದಿನಂತೆ ಎರಡನೆಯ ಗಾಡಿ. ಮೆಲ್ವಿನ್ ಅದನ್ನು ತಿರುಗಿಸಿ ನಿಲ್ಲಿಸಿದ. ಶಾಮಸುಂದರ ಬಂದು ಬಂಪರಿನ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದ.

“ಯಾರ್ ಕೆಲ್ಸ ಇದು?”

ಯಾವುದೋ ಗ್ಯಾರೇಜಿನ ಹೆಸರು ಹೇಳಿಬಿಟ್ಟರೆ, ಮುರಿದರೂ ಮಾನ ಉಳಿಯುತ್ತಿತ್ತು. ಅದು ಮೆಲ್ವಿನ್‌ಗೂ ಹೊಳೆಯಿತು.

“ನನ್ನದೇ ಶಾಮಣ್ಣ. ಅಳತೆ ಐರಿನ್‌ದು.”

ಶಾಮಸುಂದರ ಅವನ ಮುಖ ನೋಡಿದ. “ಹಂಗಾದ್ರೆ ಕಟ್ಟಿ,” ಅಂದು ತನ್ನ ಗಾಡಿ ಹತ್ತಿ ಕೂತ, ಆ ಹಗ್ಗದ ನೇರಕ್ಕೇ.

ಉಳಿದವರೆಲ್ಲ ದೂರ ಸರಿದರು. ಮೆಲ್ವಿನ್ ಮೆಲ್ಲಗೆ ಮುಂದಕ್ಕೆ ಬಿಟ್ಟ, ಹಗ್ಗ ಬಿಗಿಯಿತು. ಹಿಂದಿನಿಂದ ಟಕ್ಕೆಂದು ಒಂದು ಸದ್ದಾಯಿತು. ನಿಲ್ಲಿಸಿ ಇಳಿದು ನೋಡಿದ. ಹಗ್ಗದ ಕೊಕ್ಕೆ ಕೊಂಡಿಯಲ್ಲಿ ಸರಿಯಾಗಿ ಕೂತ ಸದ್ದು ಅದು, ಬೇರೇನಲ್ಲ. ಮತ್ತೆ ಹತ್ತಿ, ಈ ಸಲ ತುಸು ಜೋರಾಗಿ ಎಳೆದ. ಮರಳು ನೊರೆಯ ಹಾಗೆ ಉಕ್ಕಿತು, ಪಿಕಪ್ಪು ನರಳಿತು, ಕನ್ನಡಿಯಲ್ಲಿ ಶಾಮಸುಂದರನ ಗಾಡಿ ಮೊದಲು ಅಲುಗಿ, ಆಮೇಲೆ ಒಂದೇ ಸಮನೆ ಮೇಲಕ್ಕೆ ಬಂತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಮೆಲ್ವಿನ್ ನೆಲಕ್ಕೆ ಮೊಣಕಾಲೂರಿ ಬೆಸುಗೆಯನ್ನು ನೋಡುತ್ತಿದ್ದ. ಎಲ್ಲಿಯೂ ಒಂದು ಬಿರುಕಿರಲಿಲ್ಲ. ಇಷ್ಟು ವರ್ಷ ಸ್ಟೋರಿನ ಕಿಟಕಿಯಿಂದ ಬೇರೆಯವರ ಕೈಗೆ ದಾಟಿಸಿದ ಕೆಲಸ ಕೊನೆಗೂ ತನ್ನ ಕೈಗೆ ಬಂದಿದೆ ಅನ್ನಿಸಿ ಅವನಿಗೆ ಹೇಳತೀರದಷ್ಟು ಹೆಮ್ಮೆಯಾಯಿತು.

ಮರಳುವಾಗ ವಾಕಿಟಾಕಿಯಲ್ಲಿ ಶಾಮಸುಂದರನ ದನಿ ಬಂತು: ಇನ್ನು ಮೇಲೆ ಮೆಲ್ವಿನ್ ಕೊನೆಯಲ್ಲಿ ಬರಲಿ, ಲಿವಾಕ್ಕೂ.

ಆ ವಾರವೇ ಕಾರ್ಗೋ ಕಿನ್ನಿಗೋಳಿ ಮುಟ್ಟಿತು. ಐರಿನ್‌ಳ ತಾಯಿ ಬೆನ್ನಿಬಾಯಿ ಫೋನು ಮಾಡಿ, ಟ್ಯಾಂಗು ಸಿಕ್ಕಿತು, ಎಡ ಬಲ ಅಂತ ಬರೆದ ರಟ್ಟುಗಳೂ ಸಿಕ್ಕಿದವು, ಒಳ್ಳೆ ಗಟ್ಟಿ ಇವೆ, ಕೋಳಿಗೂಡಿಗೆ ಮರೆ ಕಟ್ಟಿದ್ದೇನೆ ಎಂದು ವರದಿ ಒಪ್ಪಿಸಿದರು. ಐರಿನ್ ನಗು ತಡೆಯಲಾರದೆ ಫೋನನ್ನು ಗಂಡನ ಕೈಗೆ ದಾಟಿಸಿದಳು. ಮೆಲ್ವಿನ್ ಅತ್ತೆಗೆ ಲಿವಾಕ್ಕೆ ತನ್ನದೇ ಕೊನೆಯ ಗಾಡಿ ಎಂಬ ಸುದ್ದಿ ಹೇಳಿದ. ಆಚೆಯಿಂದ ಒಂದು ನಿಟ್ಟುಸಿರು ಕೇಳಿತು. ಅಷ್ಟು ವರ್ಷದಿಂದ ಜೊತೆಗಿರುವ ಅಳಿಯನನ್ನು ಹೀಗಾ ನಡೆಸಿಕೊಳ್ಳುವುದು ಎಂದು ಅವರಿಗೆ ಬೇಸರ.

“ಎಲ್ಲರಿಗಿಂತ ಹಿಂದೆ ಹಾಕಿದ್ರಾ ಬಾಬಾ ನಿನ್ನನ್ನು?”

“ಹೌದು ಮಾಯಿ, ಎಲ್ಲರಿಗಿಂತ ಹಿಂದೆ,” ಎಂದ ಮೆಲ್ವಿನ್. “ಹಿಂದೆ ಯಾರೂ ಉಳೀಬಾರ್ದು ಅಂತ.”