ಹಿಂದಿನ ಚಕ್ರದ ಮೇಲಿನ ಸೀಟು

ಹಲಸೂರಿನ ನಮ್ಮ ಗ್ಯಾರೇಜಿನಲ್ಲಿ ಒಂದು ಕಟ್ಟುಪಾಡಿತ್ತು. ಹಿಂದಿನ ಆಕ್ಸೆಲ್ಲಿಗೆ ಬೇರಿಂಗ್ ಯಾರು ಹಾಕಿದ್ದಾರೋ ಅವರೇ ಟ್ರಯಲ್ಲಿನಲ್ಲಿ ಆ ಚಕ್ರದ ಮೇಲಿನ ಸೀಟಿನಲ್ಲಿ ಕೂರಬೇಕು. ಓಡಿಸುವವರು ಮೇಸ್ತ್ರಿ. ರಾಯಚೂರಿನಿಂದ ಬಂದು ಹತ್ತು ವರ್ಷ ಅಲ್ಲಿ ದುಡಿದವನು ನಾನು; ಎಷ್ಟೋ ಸಲ ಹಾಗೆ ಕೂತು ತೂಕಡಿಸಿದ್ದೇನೆ. ಆ ದಿನ ಮಾತ್ರ ಬಾಗಿಲ ಹಿಡಿಗೆ ಕೈ ಹಾಕಿ ಅಲ್ಲೇ ನಿಂತುಬಿಟ್ಟೆ.

ನಮ್ಮಪ್ಪನಿಗಿಂತ ಹಳೆಯ ಕಾರು ಅದು, ಇಂದಿರಾನಗರದ ಒಬ್ಬ ನಿವೃತ್ತ ಟೀಚರಮ್ಮನದು. "ನಾಳೆ ಮಗಳನ್ನೂ ಮಗೂನೂ ಆಸ್ಪತ್ರೆಯಿಂದ ಇದ್ರಲ್ಲೇ ಕರ್ಕೊಂಡ್ ಬರ್ಬೇಕು ಕಣಪ್ಪಾ" ಎಂದು ಕೀಲಿಯನ್ನು ನನ್ನ ಕೈಗೇ ಕೊಟ್ಟಿದ್ದರು.

ಅಂಥ ಕಾರುಗಳಲ್ಲಿ ಬೇರಿಂಗಿನ ಒಳಬದಿಗೆ ಒಂದು ಉಕ್ಕಿನ ಬಳೆ ಬರುತ್ತದೆ. ಆಕ್ಸೆಲ್ಲನ್ನು ಹಿಡಿದು ನಿಲ್ಲಿಸುವುದು ಅದೊಂದೇ. ಅದು ಜಾರಿದರೆ ಚಕ್ರ ಆಕ್ಸೆಲ್ ಸಮೇತ ಆಚೆ ಬಂದುಬಿಡುತ್ತದೆ. ಬಳೆಯನ್ನು ಕಾಯಿಸಿ, ಹೊಂಬಣ್ಣಕ್ಕೆ ತಿರುಗಿದ ಕೂಡಲೇ ತೂರಿಸಬೇಕು, ತಣ್ಣಗಾಗುತ್ತಾ ಕಚ್ಚಿಕೊಳ್ಳುತ್ತದೆ. ನಾನು ಫೋನಿನಲ್ಲಿ ಹೆಂಡತಿಯ ಜೊತೆ ಜಗಳವಾಡುತ್ತಾ ಹೊಸ ಬಳೆಯನ್ನು ಕೆಂಡದ ಹಾಗೆ ಕಾಯಿಸಿ ಹಾಳು ಮಾಡಿದೆ. ಆ ಬಳೆ ಹುಡುಕಿಕೊಂಡು ಮೇಸ್ತ್ರಿ ಎರಡು ದಿನ ಶಿವಾಜಿನಗರದ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನೆಲ್ಲ ಅಲೆದಿದ್ದರು. ಹೇಳಲು ಬಾಯಿ ಬರಲಿಲ್ಲ. ಒಮ್ಮೆ ಬಿಚ್ಚಿದ್ದು ಮತ್ತೆ ಬಿಗಿಯಾಗಿ ಕಚ್ಚುವುದಿಲ್ಲ, ಹಾಕಬಾರದೆಂದು ಗೊತ್ತಿದ್ದೂ ಹಳೆಯ ಬಳೆಯನ್ನೇ ಹಾಕಿ ಚಕ್ರ ಕೂರಿಸಿದೆ.

"ಕೆ.ಆರ್. ಪುರಂ ಹ್ಯಾಂಗಿಂಗ್ ಬ್ರಿಡ್ಜ್ ತಂಕ ಹೋಗ್ಬಿಟ್ಟು ಬರೋಣ" ಎಂದರು ಮೇಸ್ತ್ರಿ. ಹಳೇ ಮದ್ರಾಸ್ ರಸ್ತೆಯ ಒಂದೊಂದು ಗುಂಡಿಗೂ ಜೀವ ಬಾಯಿಗೆ ಬರುತ್ತಿತ್ತು. ಪಕ್ಕದಲ್ಲಿ ಬಸ್ಸು, ಹಿಂದೆ ನೀರಿನ ಟ್ಯಾಂಕರು. ಸೀಟಿನಡಿಯಿಂದ ಬರುವ ಸಣ್ಣ ಸದ್ದಿಗೂ ಬಗ್ಗಿ ಕಿವಿಗೊಡುತ್ತಿದ್ದೆ. ಆಮೇಲೆ ಅದಕ್ಕಿಂತ ಕೆಟ್ಟದ್ದು ಹೊಳೆಯಿತು. ಇವತ್ತು ಏನೂ ಆಗದಿದ್ದರೆ ನಾಳೆ ಈ ಸೀಟಿನಲ್ಲಿ ಆ ಕೂಸು ಇರುತ್ತದೆ.

"ಮೇಸ್ತ್ರಿ, ಗಾಡಿ ನಿಲ್ಲಸ್ರಿ. ಹಳೀ ಬಳಿನ ಹಾಕೀನ್ರಿ. ಹೊಸಾದು ಸುಟ್ಟೀನಿ."

ಅವರು ಗಾಡಿಯನ್ನು ಪಕ್ಕಕ್ಕೆ ಹಾಕಿದರು. ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಆಕ್ಸೆಲ್ ಎಳೆದೆವು. ಬಳೆ, ಬೇರಿಂಗ್ ಎರಡೂ ಬೆಂಕಿಕಡ್ಡಿಯ ದಪ್ಪದಷ್ಟು ಸರಿದಿದ್ದವು. ಸರಿದ ಜಾಗ ಫಳಫಳ ಹೊಳೆಯುತ್ತಿತ್ತು. ನಾನು ಚರಂಡಿ ಪಕ್ಕ ಕೂತುಬಿಟ್ಟೆ.

ಕಪಾಳಕ್ಕೆ ಬೀಳುತ್ತದೆಂದು ಕಾದಿದ್ದೆ, ಬೀಳಲಿಲ್ಲ. ಕಾರನ್ನು ಲಾರಿಗೆ ಹೇರಿಸಿ ಗ್ಯಾರೇಜಿಗೆ ತಂದೆವು. ಸಂಜೆಯೊಳಗೆ ಮೇಸ್ತ್ರಿ ದುಬಾರಿಯಾದರೂ ಲೇತ್ ಅಂಗಡಿಯಲ್ಲಿ ಹೊಸ ಬಳೆ ಮಾಡಿಸಿ ತಂದು, ಕಾಯಿಸಲು ಮತ್ತೆ ನನಗೇ ಕೊಟ್ಟರು. ನನ್ನ ಫೋನನ್ನು ಮಾತ್ರ ತಮ್ಮ ಜೇಬಿಗೆ ಹಾಕಿಕೊಂಡರು.

ಎಲ್ಲ ಮುಗಿಸಿ ನಾನು ಹಿಂದಿನ ಬಾಗಿಲಿಗೆ ಹೋದರೆ, ಆ ಚಕ್ರದ ಮೇಲೆ ಅವರೇ ಕೂತಿದ್ದರು.

"ನೀನ್ ಓಡ್ಸು."

"ಅಲ್ಲಿ ನಾ ಕೂಡ್ತೀನ್ರಿ ಮೇಸ್ತ್ರಿ."

"ಸರಿಯಾಗಿ ಹಾಕಿದ್ಯಾ?"

"ಹಾಕೀನ್ರಿ."

"ಮತ್ತಿನ್ನೇನು, ನಡಿ."

ಸರಿಯಾಗಿಯೇ ಹಾಕಿದ್ದೆ, ನನಗೆ ಗೊತ್ತಿತ್ತು. ಆದರೂ ಬೆಳಿಗ್ಗೆಗಿಂತ ಹೆಚ್ಚು ಹೆದರಿಕೆಯಾಯಿತು. ಮತ್ತೆ ಮತ್ತೆ ಕನ್ನಡಿ ನೋಡುತ್ತಿದ್ದೆ. ಮೇಸ್ತ್ರಿ ಆಗಲೇ ತೂಕಡಿಸತೊಡಗಿದ್ದರು. ಹಿಂದಿನವರು ಎಷ್ಟೇ ಹಾರ್ನ್ ಹೊಡೆದರೂ ನಾನು ಮೂವತ್ತರ ಮೇಲೆ ಏರಿಸಲಿಲ್ಲ.