ಕಪ್ಪು ಸ್ಪಂಜಿನಿಂದ ಕಿತ್ತ ಐಸಿ

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ಫಿಲ್ಟರ್ ಐಸಿ ಎಂದರೆ ಏನೆಂದು ನನಗೆ ಗೊತ್ತು. ಒಂದನ್ನು ಕೊಂದಿದ್ದೇನಲ್ಲ.

ಆಗ ನಾವು ತಮಿಳು ಸೀಮೆಯಲ್ಲಿ, ಅಣ್ಣಾ ನಗರದಲ್ಲಿದ್ದೆವು. ಮೊಮ್ಮಗಳದು ಎಂಜಿನಿಯರಿಂಗ್ ಕೊನೆಯ ವರ್ಷ. ಕಾಲೇಜಿಗೆಂದು ಸಿಗ್ನಲ್ ಜನರೇಟರ್ ಎಂಬ ಪೆಟ್ಟಿಗೆ ಮಾಡುತ್ತಿದ್ದಳು. ಅದರಿಂದ ಅಲೆ ಹೊರಡುತ್ತದಂತೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಆ ಮೆಟ್ಟಿಲನ್ನು ತಡೆದು ನುಣುಪಾದ ಅಲೆಯನ್ನಷ್ಟೇ ಬಿಡುವುದು ಲೋ-ಪಾಸ್ ಫಿಲ್ಟರ್. ಸೋಸುವ ಬಟ್ಟೆ ಎಂದುಕೊಂಡೆ.

ಆ ಕೆಲಸ ಮಾಡುವ ಪುಟ್ಟ ಚಿಪ್ಪೇ ಐಸಿ. ಅದರಲ್ಲಿ ಎರಡು ಬಗೆ. ಎಲ್ಲ ಅಂಗಡಿಯಲ್ಲೂ ಸಿಗುವುದರಲ್ಲಿ ತಡೆಯುವ ಗೆರೆ ಒಂದೇ ಕಡೆ ನಿಂತಿರುತ್ತದೆ. ಇನ್ನೊಂದರಲ್ಲಿ ಪೆಟ್ಟಿಗೆಯ ಗುಂಡಿ ತಿರುಗಿಸಿದಂತೆ ಗೆರೆಯೂ ಜರುಗುತ್ತದೆ. ಬ್ರೌಸಿಂಗ್ ಸೆಂಟರಿನಲ್ಲಿ ಅಚ್ಚು ಹಾಕಿಸಿ ತಂದ ಹಾಳೆಗಳನ್ನು ವಾರವಿಡೀ ತಿರುವಿ, ಅವಳು ಎರಡನೆಯದನ್ನೇ ಆರಿಸಿದಳು.

"ಎಲ್ಲರೂ ಹಾಕೋದನ್ನೇ ಹಾಕು. ಕೊನೇ ಗಳಿಗೇಲಿ ಕೈ ಕೊಟ್ರೆ?" ಎಂದ ನನ್ನ ಮಗ, ಅವಳಪ್ಪ.

"ಕೊಡಲ್ಲಪ್ಪಾ. ಶುಕ್ರವಾರ ಕಾಲೇಜಲ್ಲಿ ಡೆಮೋ ಇದ್ಯಲ್ಲ, ಪಾರುಂಗ, ನೀವೇ ನೋಡಿ."

ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚ್ಚಿ ಸ್ಟ್ರೀಟೆಲ್ಲ ಅಲೆದು ತಂದಳು. ಸಿಕ್ಕಿದ್ದು ಒಂದೇ ಒಂದು. ಜೀರುಂಡೆಯಷ್ಟಿತ್ತು, ಎರಡೂ ಕಡೆ ಕಾಲು, ಕಪ್ಪು ಸ್ಪಂಜಿಗೆ ಚುಚ್ಚಿಟ್ಟಿತ್ತು.

"ಅಜ್ಜಿ, ಇದನ್ನ ಸ್ಪಂಜಿಂದ ಕೀಳ್ಬೇಡ. ಬಟ್ಟೇಲಿ ಉಜ್ಜಿದ್ರೆ ಕರೆಂಟು ಹುಟ್ಟಿ ಸತ್ತೇ ಹೋಗತ್ತೆ."

"ಬಟ್ಟೆ ತಾಕಿದ್ರೆ ಕೆಡೋಕೆ ಅದೇನು ಮಡೀಲಿದ್ಯೇನೇ?"

"ಹೂಂ. ನಿನಗಿಂತ ಜಾಸ್ತಿ ಮಡಿ."

ಇಬ್ಬರೂ ನಕ್ಕೆವು.

ಮಾರನೆಯ ದಿನ ಸರಸ್ವತಿ ಪೂಜೆ. ಪುಸ್ತಕ, ಸಲಕರಣೆ ಎಲ್ಲ ದೇವರ ಮುಂದಿಡುವ ದಿನ. ಅವಳು ಐಸಿಯನ್ನು ಸ್ಪಂಜಿನ ಸಮೇತ ಪುಸ್ತಕದ ಮೇಲಿಟ್ಟು ಸ್ನಾನಕ್ಕೆ ಹೋದಳು. ಯಾವ ಅಂಗಡಿಯವನ ಕೈ ತಾಗಿತ್ತೋ, ಹಾಗೇ ದೇವರ ಮುಂದಿಡಲು ನನಗೆ ಮನಸ್ಸು ಬರಲಿಲ್ಲ. ಕಿತ್ತೆ. ಉಟ್ಟಿದ್ದ ಮಡಿ ರೇಷ್ಮೆಯ ಸೆರಗಿನಲ್ಲಿ ಪಂಚಪಾತ್ರೆ ಒರೆಸುವ ಹಾಗೆ ಗಸಗಸ ಉಜ್ಜಿದೆ. ಕುಂಕುಮ ಇಟ್ಟೆ. ಕಂಡರೆ ಕೂಗಾಡುತ್ತಾಳೆಂದು ಕುಂಕುಮವನ್ನೂ ಒರೆಸಿ, ಬಚ್ಚಲ ಬಾಗಿಲು ತೆರೆಯುವುದರೊಳಗೆ ಮತ್ತೆ ಸ್ಪಂಜಿಗೆ ಚುಚ್ಚಿದೆ. ತಪ್ಪೆಂದು ಗೊತ್ತಿಲ್ಲದವಳು ಅಷ್ಟು ಅವಸರ ಮಾಡುವುದಿಲ್ಲ.

ವಿಜಯದಶಮಿಯ ದಿನ ಜೋಡಿಸಿದಳು. ಕಾಲೇಜಿನಿಂದ ತಂದಿದ್ದ ಪುಟ್ಟ ಪರದೆಯ ಮೇಲೆ ಅಲೆ ಇಲ್ಲ, ಬರೀ ಅಡ್ಡಗೆರೆ. ತಂತಿ ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು. ಐಸಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಅಜ್ಜಿ, ನೀನೇನಾದ್ರೂ ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಲಿ? ನನಗೇನು ಬೇರೆ ಕೆಲಸ ಇಲ್ವಾ?" ಜೋರಾಗಿಯೇ ಹೇಳಿದೆ.

ಅವಳು ಮತ್ತೆ ಕೇಳಲಿಲ್ಲ.

"ನಾನು ಬಡ್ಕೊಂಡೆ. ಕೇಳಿದ್ಯಾ? ಆರಿಸಿದ್ದೇ ತಪ್ಪು," ಎಂದ ಮಗ.

"ಹೌದಪ್ಪಾ. ನಾನೇ ತಪ್ಪು ಆರಿಸಿದೆ."

ನಾನು ಅಲ್ಲೇ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ತೆಗೆಯುತ್ತಲೇ ಇದ್ದೆ.

ಶುಕ್ರವಾರ ಎಲ್ಲರೂ ಹಾಕುವ ಐಸಿಯನ್ನೇ ಹಾಕಿಕೊಂಡು ಹೋದಳು. ಗುಂಡಿ ಒಂದು ಕಡೆ ಇದ್ದಾಗ ಅಲೆ ನುಣುಪಾಗಿತ್ತಂತೆ. ತಿರುಗಿಸಿದರೆ ಮೆಟ್ಟಿಲು. ಇದನ್ನೇಕೆ ಹಾಕಿದೆ ಎಂದು ಮೇಷ್ಟರು ಎಲ್ಲರೆದುರು ಕೇಳಿದರಂತೆ. ಅಲ್ಲೂ, ಆರಿಸಿದ್ದು ತಪ್ಪಾಯಿತು ಎಂದಳಂತೆ.

ಮರುದಿನ ಅವಳ ಮೇಜು ಒರೆಸುವಾಗ ಆ ಸತ್ತ ಐಸಿ ಕಣ್ಣಿಗೆ ಬಿತ್ತು. ಅದರ ಒಂದು ತುದಿಯಲ್ಲಿ ಉಗುರು ಊರಿದಂಥ ಸಣ್ಣ ತಗ್ಗಿದೆ. ಆ ತಗ್ಗಿನಲ್ಲಿ ಕುಂಕುಮ ಕೂತಿತ್ತು.

"ಈ ಕುಂಕುಮಾನ ಯಾವಾಗ ನೋಡಿದೆ?" ಎಂದು ಅವಳನ್ನು ಕೇಳಿದೆ.

"ಅವತ್ತೇ. ನಿನ್ನ ಕೇಳೋಕ್ಕೆ ಮುಂಚೆ."

"ನೋಡಿದ ಮೇಲೆ ಕೇಳಿದ್ಯಾಕೆ?"

"ನೀನೇ ಹೇಳ್ತೀಯ ಅಂತ. ವಿಡು ಅಜ್ಜಿ, ಹೋಗ್ಲಿ."

ನನ್ನ ಮಡಿ ಬಟ್ಟೆ ಮುಟ್ಟಬೇಡವೆಂದು ಅವಳು ಮೂರು ವರ್ಷದವಳಿದ್ದಾಗ ಒಮ್ಮೆ ಹೇಳಿದ್ದೆ. ಅಂದಿನಿಂದ ಒಂದು ದಿನವೂ ಮುಟ್ಟಿದವಳಲ್ಲ. ಯಾಕೆ ಎಂದು ಕೇಳಿದವಳೂ ಅಲ್ಲ.

ಮಗ ಊಟಕ್ಕೆ ಕೂತಾಗ ಅವಳೆದುರೇ ಹೇಳಿದೆ, ಅದನ್ನು ಕೆಡಿಸಿದವಳು ನಾನು, ಅವಳು ಆರಿಸಿದ್ದು ಸರಿಯಾಗಿಯೇ ಇತ್ತು ಎಂದು. ಅವನು ಒಂದು ಗಳಿಗೆ ತಲೆಯೆತ್ತಿದ.

"ಡೆಮೋ ಮುಗೀತಲ್ಲ, ಬಿಡಮ್ಮ. ಮೊಸರು ಹಾಕು."

ಬೈದಿದ್ದರೆ ಚೆನ್ನಾಗಿತ್ತು. ಮೊಸರು ಬಡಿಸಿದೆ.